ಹೋ ಎಂದರೆ ನಿಲ್ಲದ ಗಾಡಿ

ಕಳೆದ ಶುಕ್ರವಾರ ಮಧ್ಯಾಹ್ನ ಶ್ರೀರಂಗಪಟ್ಟಣದ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರು ಹಿಡಿದು ಸರದಿಯಲ್ಲಿ ನಿಂತಿದ್ದೆ. ಸರದಿ ಎಂದರೆ ನನ್ನ ಪಾಲಿಗೆ ಸರದಿಯೇ. ಪಕ್ಕದಿಂದ ಮೂತಿ ತೂರಿಸುವವರನ್ನು ಕಂಡರೆ ಈ ವಯಸ್ಸಿನಲ್ಲೂ ಸುಮ್ಮನಿರಲಾರೆ. ಅವತ್ತೂ ಇಬ್ಬರನ್ನು ಹಿಂದಕ್ಕೆ ಕಳಿಸಿಯಾಗಿತ್ತು. ಆಚೆ ಪಂಪಿನಲ್ಲಿ ನಮಾಜು ಮುಗಿಸಿಕೊಂಡು ಬಂದವರೊಬ್ಬರು ತಮ್ಮ ಗೂಡ್ಸ್ ಆಟೋಗೆ ಡೀಸೆಲ್ ಹಾಕಿಸುತ್ತಿದ್ದರು. ಅವರ ಬಿಳಿ ಜುಬ್ಬದಿಂದ ಅತ್ತರಿನ ಘಮ, ಕೆಳಗೆ ಚೆಲ್ಲಿದ ಡೀಸೆಲ್ಲಿನ ವಾಸನೆ. ಎರಡೂ ಬೆರೆತು ಒಟ್ಟಿಗೇ ಮೂಗಿಗೆ ಬಡಿದವು...

ಹಿಂದಿನವನು ಹಾರ್ನ್ ಒತ್ತಿದ. ನನ್ನ ಸರದಿ ಬಂದಿತ್ತು, ನಾನು ನಿಂತಲ್ಲೇ ನಿಂತಿದ್ದೆ.

"ಯಜಮಾನ್ರೇ, ಊರಿಗೆಲ್ಲ ಲೈನ್ ಯೋಳ್ಕೊಟ್ಟು ನೀವೇ ನಿದ್ದೆ ಒಡುದ್ರಾ?" ಎಂದ ಅವನು. ನಾನು ಹಿಂದಕ್ಕೆ ಕಳಿಸಿದ್ದವರಲ್ಲೊಬ್ಬ.

ಆ ವಾಸನೆ ನಮ್ಮ ಡ್ರೈವಿಂಗ್ ಮೇಷ್ಟ್ರದು. ಅವರು ಮೈದಾನಕ್ಕೆ ಕಾಲಿಡುವ ಮೊದಲೇ ಅದು ಬರುತ್ತಿತ್ತು. ಕೈಗೆ ಡೀಸೆಲ್, ಕಿವಿಯ ಸಂದಿಗೆ ಅತ್ತರಿನ ಹತ್ತಿ. ಎರಡರಲ್ಲಿ ಯಾವುದನ್ನೂ ಅವರು ಒಂದು ದಿನವೂ ಬಿಟ್ಟವರಲ್ಲ.

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ದುಡಿದು ನಿವೃತ್ತನಾದವನು. ಬದುಕಿನ ಬಹುಪಾಲು ಗಡಿಯಾರ, ಬಾವುಟ ಮತ್ತು ನಿಯಮಗಳ ಪುಸ್ತಕದೊಂದಿಗೆ ಕಳೆದಿದೆ. ನಿವೃತ್ತಿಯ ನಂತರ ಮನೆಯಲ್ಲಿ ಕೂತು ಹೆಂಡತಿಯ ಅಡಿಗೆಗೂ ವೇಳಾಪಟ್ಟಿ ಹಾಕಲು ಹೊರಟಾಗ, ಅವಳೇ ನನ್ನನ್ನು ಹೊರಗೆ ದೂಡಿದಳು. ಪಟ್ಟಣದ ಅಂಚಿನ ಹಳೆಯ ಸಮುದಾಯ ಭವನದಲ್ಲಿ ಆಗ ಕೆಲವು ನಿವೃತ್ತರೂ ಮಹಿಳಾ ಸಂಘದವರೂ ಸೇರಿ ಒಂದು ಕೇಂದ್ರ ಶುರುಮಾಡಿದ್ದರು. ಪಿಂಚಣಿ, ರೇಷನ್ ಕಾರ್ಡು ಎಂದು ಅಲೆಯುವ ಮನೆಯವರಿಗೆ ಅರ್ಜಿ ತುಂಬಿಕೊಡುವುದು, ಓದು ಬಿಟ್ಟ ಮಕ್ಕಳಿಗೆ ಕಂಪ್ಯೂಟರು ಮತ್ತು ಹೊಲಿಗೆ ಕಲಿಸುವುದು, ಕೆಲಸ ಹುಡುಕುವವರಿಗೆ ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದು ಹೇಳಿಕೊಡುವುದು. ಶ್ರೀರಂಗಪಟ್ಟಣವಲ್ಲದೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಜನ ಬಸ್ಸು ಹಿಡಿದು ಬರುತ್ತಿದ್ದರು. ಕೆಲಸ ಒಳ್ಳೆಯದೇ, ಆದರೆ ಯಾರು ಯಾವಾಗ ಬರುತ್ತಾರೆ, ಯಾವ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ. ನಾನು ಸೇರಿದ ವಾರದಲ್ಲೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಬಾಗಿಲಿಗೆ ಗಂಟೆ ಕಟ್ಟಿದೆ. ಹೆಂಗಸರು ನನಗೆ 'ರೈಲ್ವೆ ಸಾರ್' ಎಂದು ಹೆಸರಿಟ್ಟರು.

ಆ ವರ್ಷವೇ ಹಳ್ಳಿ ಪಂಚಾಯಿತಿಗಳಿಗೆ ಮನೆ ಮನೆಯ ಕಸ ಎತ್ತುವ ಗಾಡಿಗಳು ಬರತೊಡಗಿದ್ದವು. ಅವನ್ನು ಸಂಘದ ಹೆಂಗಸರೇ ಓಡಿಸಬೇಕು ಎಂಬುದು ಯೋಜನೆ. ಗಾಡಿ ಬಂತು, ಓಡಿಸಲು ಬರುವ ಹೆಂಗಸರು ಬೇಕಲ್ಲ? ಸಂಘದ ಅಧ್ಯಕ್ಷೆ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಂತು, "ಸಾರ್, ಒಲಿಗೆ ಸಾಕು. ನಮ್ಗೆ ಡ್ರೈವಿಂಗ್ ಕಲ್ಸಿ" ಎಂದರು. ನಾನು ರೈಲು ಹೊರಡಿಸಬಲ್ಲೆ, ಓಡಿಸಲಾರೆ. ಒಬ್ಬ ಮೇಷ್ಟ್ರು ಬೇಕಾಯಿತು.

ಪಕ್ಕದ ಗಂಜಾಮಿನಲ್ಲಿ ಲಾರಿ ಓಡಿಸಿ ಬಿಟ್ಟವರೊಬ್ಬರು ಇದ್ದಾರೆ, ಮುಂಗೋಪಿ, ಆದರೆ ಕೈ ಒಳ್ಳೆಯದು ಎಂದು ಯಾರೋ ಹೇಳಿದರು. ಕರೆಸಿದೆವು. ಅಗಲ ಎದೆ, ಮೆಹಂದಿ ಹಚ್ಚಿದ ಗಡ್ಡ, ಮಡಚಿದ ತೋಳು. ಕೂರಲು ಹೇಳುವ ಮೊದಲೇ ಕೂತರು. ನನ್ನ ಗೋಡೆಯ ವೇಳಾಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದು ರೈಲಿಗಾ, ಮನುಷ್ಯರಿಗಾ?"

"ಮನುಷ್ಯರಿಗೇ. ಏಳು ಗಂಟೆ ಎಂದರೆ ಏಳು ಗಂಟೆಗೆ ಬರಬೇಕು" ಎಂದೆ.

"ಬರ್ತೀನಿ ಸಾಬ್. ನಿಮ್ ರೈಲಿನ್ ತರಾನೇ ಬರ್ತೀನಿ."

ಮರುದಿನ ಎಂಟೂವರೆಗೆ ಬಂದರು. ನಾನು ಗಡಿಯಾರ ತೋರಿಸಿದೆ. "ನಾನ್ ಯೋಳ್ಲಿಲ್ವಾ, ರೈಲಿನ್ ತರಾ ಅಂತ?" ಎಂದರು. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಲ್ಲಿಂದ ಮುಂದೆ ಎಷ್ಟು ಬೆಳಗುಗಳು ಆ ಮನುಷ್ಯನನ್ನು ಕಾಯುತ್ತಾ ಭವನದ ಹಿಂದಿನ ಮೈದಾನದ ಬೇವಿನ ಮರದಡಿ ನಿಂತಿದ್ದೇನೋ. ಬಂದ ಮೇಲೂ ಮೊದಲು ಟೀ. ಟೀ ಕುಡಿಯುತ್ತಾ ಒಂದು ಲಾರಿಯ ಕತೆ. ಅದರಲ್ಲಿ ಯಾವ ಘಾಟಿಯಲ್ಲಾದರೂ ಬ್ರೇಕು ಕೈಕೊಟ್ಟೇ ಕೊಡುತ್ತಿತ್ತು, ಮೇಷ್ಟ್ರು ಬದುಕಿ ಬಂದೇ ಬರುತ್ತಿದ್ದರು. ಅದೇ ಘಾಟಿ ಒಂದು ವಾರ ಕೇರಳದಲ್ಲಿದ್ದರೆ ಇನ್ನೊಂದು ವಾರ ಮಹಾರಾಷ್ಟ್ರದಲ್ಲಿರುತ್ತಿತ್ತು. ಕೇಳಿದರೆ, "ಘಾಟಿ ಭೀ ಓಡಾಡ್ತದೆ ಸಾಬ್" ಎನ್ನುತ್ತಿದ್ದರು.

ಆದರೆ ಕಲಿಸಲೆಂದು ಕೇಂದ್ರಕ್ಕೆ ತಂದಿದ್ದ ಹಳೆಯ ಗಾಡಿಯ ಎಡಗಡೆ ಸೀಟಿನಲ್ಲಿ ಕೂತರೆಂದರೆ ಬೇರೆಯದೇ ಮನುಷ್ಯ. ಬೈಗುಳವೋ ಬೈಗುಳ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಏಕೆಂದರೆ ಒಂದು ಬೈಗುಳವೂ ಹಳೆಯದಾಗಿರುತ್ತಿರಲಿಲ್ಲ. "ತುಳೀರಮ್ಮ ಬ್ರೇಕು! ಅದೇನು ನಿಮ್ಮತ್ತೆ ಕಾಲಾ, ಮೆತ್ಗೆ ಒತ್ತಾಕೆ?" ಎಂದು ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯಲ್ಲಿ ಸರದಿಗೆ ಕಾಯುತ್ತಿದ್ದ ಸೊಸೆಯರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಜಯಮ್ಮ ಬಂದದ್ದು ಎರಡನೆಯ ತಂಡದಲ್ಲಿ. ಬೆಳಗೊಳದ ಆಚೆಯ ಒಂದು ಹಳ್ಳಿಯವಳು, ನಲವತ್ತರ ಹತ್ತಿರ, ಗಟ್ಟಿ ಆಳು. ಪಂಚಾಯಿತಿಯ ಕಸದ ಗಾಡಿಗೆ ಅವಳ ಸಂಘದಿಂದ ಅವಳ ಹೆಸರೇ ಹೋಗಿತ್ತು. ಯಾಕಮ್ಮ ಈ ಕೆಲಸ ಬೇಕು ಎಂದು ನಾನು ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದೆ. ಉಳಿದವರು ಸಂಬಳ ಎನ್ನುತ್ತಿದ್ದರು, ಮಕ್ಕಳ ಫೀಸು ಎನ್ನುತ್ತಿದ್ದರು. ಇವಳು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ಮದ್ವೆಗ್ ಮುಂಚಿಂದ್ಲೂ ಕಬ್ಬಿನ್ ಗಾಡಿ ನಾನೇ ಒಡೀತಿದ್ದೆ ಸಾರ್, ಪಾಂಡವಪುರದ ಕಾರ್ಖಾನೆಗಂಟ. ಎತ್ ಮಾರುದ್ ಮ್ಯಾಲೆ ಕಂಡೋರ್ ಟ್ರಾಕ್ಟರ್ ಇಂದ್ಗಡೆ ಕೂಲಿ ಆಳಾಗ್ ಕುಂತ್ಕಂಡ್ ಓಯ್ತಾವ್ನಿ. ಇಂದ್ಗಡೆ ಕುಂತು ಸಾಕಾಗೋಯ್ತು."

ಆ ಮಾತು ನನಗೆ ಅರ್ಥವಾಯಿತು. ಹೆಸರು ಬರೆದುಕೊಂಡೆ.

ಸ್ಟೇರಿಂಗು ಹಿಡಿದ ಮೊದಲ ದಿನವೇ ಗೊತ್ತಾಯಿತು, ಅವಳಿಗೆ ದಾರಿಯ ಅಂದಾಜು ಹುಟ್ಟಿನಿಂದಲೇ ಇದೆ ಎಂದು. ಎರಡು ಕಲ್ಲುಗಳ ನಡುವೆ ಗಾಡಿ ತೂರಿಸುವುದು, ಹಿಂದಕ್ಕೆ ತೆಗೆಯುವುದು, ಇವೆಲ್ಲ ನೀರು ಕುಡಿದಷ್ಟು ಸಲೀಸು. ಎತ್ತಿನ ಗಾಡಿಯನ್ನು ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ದೂಡಿದವಳಿಗೆ ಇದೊಂದು ಲೆಕ್ಕವೇ? ಮೇಷ್ಟ್ರು ನನ್ನ ಕಡೆ ತಿರುಗಿ ಮೀಸೆ ತಿರುವಿದರು, ತಾವೇ ಕಲಿಸಿದ ಹಾಗೆ.

ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ.

ಗಾಡಿ ನಿಲ್ಲಿಸಬೇಕು ಎಂದ ಕೂಡಲೇ ಜಯಮ್ಮ "ಹೋ... ಹೋ ಹೋ!" ಎಂದು ಕೂಗುತ್ತಿದ್ದಳು. ಕೂಗುವುದಷ್ಟೇ ಅಲ್ಲ, ಮೂಗುದಾರದ ಹಗ್ಗ ಜಗ್ಗುವಂತೆ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಕಾಲು ಮಾತ್ರ ಇದ್ದಲ್ಲೇ ಇರುತ್ತಿತ್ತು. ಎತ್ತಿನ ಗಾಡಿಯಲ್ಲಿ ಕಾಲಿಗೇನು ಕೆಲಸ? ಗಾಡಿ ಅವಳ ಕೂಗು ಕೇಳದೆ ನಿಧಾನವಾಗಿ ಬೇವಿನ ಮರದತ್ತ ಹೋಗುತ್ತಿತ್ತು. ನಾನು ಮರ ಬಿಟ್ಟು ಓಡುತ್ತಿದ್ದೆ. ಮೇಷ್ಟ್ರು ಹ್ಯಾಂಡ್ ಬ್ರೇಕು ಎಳೆದು, "ಯಾ ಅಲ್ಲಾ" ಎಂದು ಮೇಲೆ ನೋಡುತ್ತಿದ್ದರು.

ದಿನಗಳು ಹೋದ ಹಾಗೆ ಕೂಗು ಕಡಿಮೆಯಾಯಿತು. ಕಾಲು ಬ್ರೇಕಿನ ಮೇಲೆ ಬೀಳತೊಡಗಿತು. ಇನ್ನು ಭಯವಿಲ್ಲ ಎಂದು ಮೇಷ್ಟ್ರು ಲೈಸೆನ್ಸ್ ಪರೀಕ್ಷೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ, ಕಾಗದಪತ್ರ ನನ್ನ ಇಲಾಖೆ.

ಪರೀಕ್ಷೆಯ ಮೈದಾನದಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಒಂದು ಪ್ಲಾಸ್ಟಿಕ್ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಜಯಮ್ಮ ಎಂಟರ ಆಕಾರವನ್ನು ರಂಗೋಲಿ ಹಾಕಿದ ಹಾಗೆ ಸುತ್ತಿದಳು. ಹಿಂದಕ್ಕೆ ತೆಗೆದಳು. ನೋಡುತ್ತಿದ್ದ ಗಂಡಸರೂ ತಲೆದೂಗಿದರು. ಇನ್ನೇನು ಡ್ರಮ್ಮಿನ ಮುಂದೆ ಬಂದು ನಿಲ್ಲಿಸಬೇಕು, ಅಷ್ಟೇ. ಹೆದರಿಕೆಗೋ ಏನೋ, ಕಾಲು ಮರೆಯಿತು, ಬಾಯಿ ನೆನಪಿಟ್ಟುಕೊಂಡಿತ್ತು. "ಹೋ ಹೋ ಹೋ!" ಎಂಬ ಕೂಗು ಮೈದಾನವಿಡೀ ಕೇಳಿಸಿತು. ಇನ್ಸ್‌ಪೆಕ್ಟರು ಕುರ್ಚಿ ಬಿಟ್ಟು ಎದ್ದರು. ಡ್ರಮ್ಮು ಉರುಳಿತು. ಗಾಡಿ ಕುರ್ಚಿಗೆ ಮೆಲ್ಲಗೆ ಮುತ್ತು ಕೊಟ್ಟು ನಿಂತಿತು.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಅಮ್ಮ, ಗಾಡಿಗೆ ಕಿವಿ ಇರಲ್ಲ" ಎಂದು ಹೇಳಿ ಫೇಲು ಮಾಡಿದರು.

ಮೇಷ್ಟ್ರೇ ಗಾಡಿ ಓಡಿಸಿಕೊಂಡು ವಾಪಸು ಬರುವಾಗ ಜಯಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೇಷ್ಟ್ರು ಒಂದು ಕತೆಯನ್ನೂ ಹೇಳಲಿಲ್ಲ.

ಅಷ್ಟರಲ್ಲಿ ಅವಳ ಊರಿಗೆ ಗಾಡಿ ಬಂದೇಬಿಟ್ಟಿತ್ತು. ಪಂಚಾಯಿತಿ ಕಟ್ಟಡದ ಮುಂದೆ ಪ್ಲಾಸ್ಟಿಕ್ ಹೊದಿಕೆ ಸಮೇತ ನಿಂತಿದ್ದ ಅದನ್ನು ಊರಿನವರೆಲ್ಲ ಬಂದು ಮುಟ್ಟಿ ಹೋಗುತ್ತಿದ್ದರು. ಪಂಚಾಯಿತಿ ಅಧ್ಯಕ್ಷರಿಗೆ ಲೈಸೆನ್ಸ್ ಇರುವ ಒಬ್ಬ ಭಾಮೈದ ಇದ್ದ, ಕೆಲಸ ಇರಲಿಲ್ಲ. ವಿಷಯ ಮಾತಾಡಲು ನಾನೂ ಮೇಷ್ಟ್ರೂ ಹೋದೆವು.

"ಯೆಂಗಸ್ರೇ ಓಡುಸ್ಬೇಕು ಅಂತ ನಂಗೂ ಆಸೆ ಅದೆ ಸಾರ್," ಎಂದರು ಅಧ್ಯಕ್ಷರು, ಆಸೆ ಇಲ್ಲದ ದನಿಯಲ್ಲಿ. "ಆದ್ರೆ ಗಾಡಿ ತುಕ್ ಇಡೀತಾ ಕುಂತದಲ್ಲ. ಮುಂದುನ್ ಮೀಟಿಂಗ್‌ಗಂಟ ಕಾಯ್ತೀನಿ. ಆಮ್ಯಾಲೆ ನಮ್ ಉಡ್ಗ ಓಡುಸ್ಲಿ. ಜಯಮ್ಮ ಇಂದ್ಗಡೆ ನಿಂತ್ಕಂಡ್ ಕಸ ಬೇರೆ ಮಾಡ್ಲಿ, ಅದೂ ಕೆಲ್ಸಾನೇ ಅಲ್ವಾ?"

ಹಿಂದುಗಡೆ! ಮೇಷ್ಟ್ರು ಅಲ್ಲೇ ಏನಾದರೂ ಅನ್ನುತ್ತಾರೆಂದು ನಾನು ಅವರ ತೋಳು ಹಿಡಿದುಕೊಂಡೆ. ಅವರು ಹೊರಗೆ ಬಂದು ಆ ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು, ಟಯರಿಗೆ ಕಾಲಿನಿಂದ ಒಂದು ಒದ್ದರು. ಮರುಪರೀಕ್ಷೆಗೆ ದಿನ ಸಿಕ್ಕಿದ್ದು ಆ ಮೀಟಿಂಗಿನ ಹಿಂದಿನ ವಾರ. ಇದ್ದದ್ದು ಒಂದೇ ಅವಕಾಶ.

ಮೇಷ್ಟ್ರು ಅವತ್ತಿನಿಂದ ಹೊತ್ತಿಗೆ ಸರಿಯಾಗಿ ಬರತೊಡಗಿದರು. ನಾನು ಅದನ್ನು ಕಂಡೂ ಕಾಣದವನಂತೆ ಇದ್ದೆ. ಹೇಳಿದರೆ ನಿಲ್ಲಿಸಿಬಿಡುತ್ತಾರೆಂಬ ಭಯ.

ಮೊದಲು ಅವರಿಗೆ ಹೊಳೆದ ಉಪಾಯ ಬೆಲ್ಲ. ಆಲೆಮನೆಯಿಂದ ಅಚ್ಚು ಬೆಲ್ಲ ತಂದು ಒಂದು ದೊಡ್ಡ ಉಂಡೆ ಮುರಿದು ಜಯಮ್ಮನ ಬಾಯಿಗೆ ಹಾಕಿಸಿದರು. ಬಾಯಿ ತುಂಬಿದ್ದರೆ ಕೂಗುವುದೆಲ್ಲಿ? ಅವಳು ನಿಜವಾಗಿಯೂ ಕೂಗಲಿಲ್ಲ. ಆದರೆ ಬಾಯಿ ಕಟ್ಟಿದರೆ ಅವಳ ಕಾಲೂ ಕಟ್ಟಿಹೋಗುತ್ತಿತ್ತು. ಗಾಡಿ ಸದ್ದಿಲ್ಲದೆ ಮರದ ಕಡೆಗೆ ನಡೆಯಿತು. ಎರಡನೆಯ ಸಲ ಅವಳು ಬೆಲ್ಲ ನುಂಗಿಬಿಟ್ಟು ಕೂಗಿದಳು. ಸರದಿಗೆ ನಿಂತಿದ್ದ ಹೆಂಗಸರು, "ಮೇಷ್ಟ್ರೇ, ನಮ್ಗೂ ಬ್ರೇಕ್ ಬತ್ತಾ ಇಲ್ಲ, ನಮ್ಗೂ ಬೆಲ್ಲ ಕೊಡಿ" ಎಂದು ಸೆರಗೊಡ್ಡಿದರು. ಅವತ್ತು ಪಾಠವೇ ನಡೆಯಲಿಲ್ಲ. ಬೆಲ್ಲ ಪೂರ್ತಿ ಖರ್ಚಾಯಿತು.

ಆಮೇಲೆ ಬಾಯಿಗೆ ಟವೆಲು ಕಟ್ಟಿದರು. ಆಮೇಲೆ ತಾವೇ ಪಕ್ಕದಲ್ಲಿ ಕೂತು, ಅವಳು ಬಾಯಿ ತೆರೆದಾಗಲೆಲ್ಲ ಮೊಣಕಾಲಿಗೆ ಮರದ ಸ್ಕೇಲಿನಿಂದ ತಟ್ಟಿದರು. ಒಂದೂ ಹತ್ತಲಿಲ್ಲ. ಒಂದು ಬೆಳಿಗ್ಗೆ ಜಯಮ್ಮ ಗಾಡಿಯಿಂದ ಇಳಿದು ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟಳು.

"ಬುಡಿ ಮೇಷ್ಟ್ರೇ. ಇಪ್ಪತ್ ವರ್ಸ ಎತ್ತಿಗ್ ಕೂಗಿರೋ ಬಾಯಿ ಇದು. ಸತ್ ಮ್ಯಾಲೇ ಸುಮ್ನಾಗೋದು. ಆ ಉಡ್ಗನೇ ಓಡುಸ್ಕಳ್ಳಿ."

"ಬಾಯ್ ಮುಚ್ಚಮ್ಮ" ಎಂದರು ಮೇಷ್ಟ್ರು.

"ಅದೇ ಆಗ್ತಾ ಇಲ್ವಲ್ಲ!" ಎಂದಳು ಜಯಮ್ಮ. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅವಳ ಕಣ್ಣು ತುಂಬಿತ್ತು.

ಅವಳು ನೀರು ಕುಡಿಯಲು ಹೋದಾಗ ನಾವಿಬ್ಬರೂ ಬೇವಿನ ಮರದಡಿ ನಿಂತೆವು. ಮಾತಿಗೆ ಮಾತು ಬಂದು ನಾನು ರೈಲಿನ ಒಂದು ವಿಷಯ ಹೇಳಿದೆ. ಎಂಜಿನ್ನಿನಲ್ಲಿ ಡ್ರೈವರು ಸಿಗ್ನಲ್ ಕಂಡ ಕೂಡಲೇ ಅದು ಹಸಿರೋ ಕೆಂಪೋ ಗಟ್ಟಿಯಾಗಿ ಕೂಗಿ ಹೇಳಬೇಕು. ಅವನು ಕೂಗಿದ್ದನ್ನು ಪಕ್ಕದ ಸಹಾಯಕ ಮತ್ತೆ ಕೂಗಬೇಕು. ಕಣ್ಣು ಕಂಡದ್ದನ್ನು ಬಾಯಿ ಹೇಳಿದರೆ ಕೈ ತಪ್ಪುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಅದು ನಿಯಮ.

ಮೇಷ್ಟ್ರ ಕೈಯಲ್ಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು.

"ಡ್ರೈವರ್ರೇ ಕೂಗ್ತಾರಾ?"

"ಕೂಗಲೇಬೇಕು."

"ಅರೇ ರೈಲ್ವೆ ಸಾಬ್, ಇಷ್ಟ್ ದಿನ ಯಾಕ್ ಯೋಳ್ಲಿಲ್ಲ?"

"ನೀವು ಲಾರಿಯ ಕತೆ ನಿಲ್ಲಿಸಿದರಲ್ಲವೇ ನಾನು ರೈಲಿನ ಕತೆ ಶುರುಮಾಡುವುದು?" ಎಂದೆ.

ಅವರು ಟೀ ಚೆಲ್ಲಿ ನಡೆದೇಬಿಟ್ಟರು. ಜಯಮ್ಮನನ್ನು ಕರೆದು ಗಾಡಿಯಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟು, ತಾವು ಹೊರಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

"ನಿನ್ ಎತ್ತುಗಳ ಎಸ್ರೇನಮ್ಮ?"

"ಬಲಗಡೇದು ಬೆಳ್ಳ, ಎಡಗಡೇದು ಕರಿಯ. ಯಾಕೆ? ಮಾರಿ ಆಯ್ತಲ್ಲ."

"ಎಲ್ ಮಾರಿದ್ದೀಯ? ಇಲ್ಲೇ ಅವೆ ನೋಡು." ಅವಳ ಎರಡೂ ಪಾದಗಳನ್ನು ಬೆರಳಿನಿಂದ ತೋರಿಸಿದರು. "ಇವ್ನು ಬೆಳ್ಳ, ಬ್ರೇಕಿನವ್ನು. ಇವ್ನು ಕರಿಯ, ಕ್ಲಚ್ಚಿನವ್ನು. ಗಾಡಿಗ್ ಕೂಗ್ಬ್ಯಾಡ, ಅದುಕ್ ಕಿವಿ ಇಲ್ಲ. ಇವ್ರುಗ್ ಕೂಗು. ಇವ್ರು ನಿನ್ ಮಾತ್ ಕೇಳ್ತಾರೆ."

ಜಯಮ್ಮ ತನ್ನ ಕಾಲನ್ನೇ ನೋಡುತ್ತಾ ಕೂತಳು. ಒಮ್ಮೆ ಬಲಗಾಲಿನ ಬೆರಳಾಡಿಸಿದಳು. ಆಮೇಲೆ ಅವಳ ಮುಖದ ಮೇಲೆ ಬಂದ ನಗುವನ್ನು ಹೇಗೆ ಹೇಳಲಿ... ಕಳೆದುಹೋದ ದನ ಹಟ್ಟಿಗೆ ತಾನಾಗಿ ಬಂದಾಗ ಮನೆಯವರ ಮುಖದಲ್ಲಿ ಬರುತ್ತದಲ್ಲ, ಅಂಥದ್ದು.

"ಕರಿಯ ಮೊದ್ಲಿಂದ್ಲೂ ಸೋಂಬೇರಿ ಮೇಷ್ಟ್ರೇ. ಅದುಕ್ಕೇ ಈ ಗಾಡಿ ಅವಾಗವಾಗ ಆಫಾಗೋದು!"

ಗಾಡಿ ಹೊರಟಿತು. ಮರದ ಹತ್ತಿರ ಬಂದಾಗ "ಹೋ ಬೆಳ್ಳ!" ಎಂಬ ಕೂಗು ಕೇಳಿಸಿತು. ಗಾಡಿ ನಿಂತಿತು. ನಾನು ಈ ಸಲ ಓಡಿರಲಿಲ್ಲ, ಯಾಕೆಂದು ತಿಳಿಯದು. ಅವತ್ತು ಮಧ್ಯಾಹ್ನದವರೆಗೂ ಮೈದಾನದಲ್ಲಿ ಒಂದೇ ಗದ್ದಲ. "ಕರಿಯ, ಬೇಗ!" "ಬೆಳ್ಳ, ಹೋ!" "ಲೇ ಕರಿಯ, ನಿಂಗೇನ್ ಬ್ಯಾರೆ ಯೋಳ್ಬೇಕಾ?" ದಾರಿಹೋಕರು ನಿಂತು ಎತ್ತು ಹುಡುಕಿದರು. ಕೂಗು ದಿನದಿನಕ್ಕೆ ಸಣ್ಣದಾಗಿ, ಪರೀಕ್ಷೆಯ ಹೊತ್ತಿಗೆ ಪಕ್ಕದವರಿಗಷ್ಟೇ ಕೇಳುವ ಗೊಣಗಾಟವಾಗಿತ್ತು.

ಆ ಪಕ್ಕದವರೇ ಬ್ರೇಕ್ ಇನ್ಸ್‌ಪೆಕ್ಟರು. ಈ ಸಲ ಅವರು ಕುರ್ಚಿಯನ್ನು ದೂರ ಹಾಕಿಸಿ, ತಾವು ಗಾಡಿಯೊಳಗೇ ಕೂತರು. ಮೇಷ್ಟ್ರೂ ನಾನೂ ಬೇಲಿಯ ಹೊರಗೆ. ಜಯಮ್ಮ ಎಂಟು ಸುತ್ತಿದಳು, ಹಿಂದಕ್ಕೆ ತೆಗೆದಳು. ಇದ್ದಕ್ಕಿದ್ದಂತೆ ಇನ್ಸ್‌ಪೆಕ್ಟರು ಅವಳ ಕಿವಿಯ ಹತ್ತಿರ ಬಗ್ಗಿದ್ದು ಕಾಣಿಸಿತು. ಅವಳು ಸೆರಗು ಸರಿಸಿ ಕಿವಿ ತೋರಿಸಿದಳು. ಆಮೇಲೆ ಇನ್ಸ್‌ಪೆಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ಮುಂದೆ ನೋಡಿದರು. ಮೇಷ್ಟ್ರು ಬೇಲಿಯ ತಂತಿಯನ್ನು ಹಿಡಿದ ಕೈ ಬಿಡಲಿಲ್ಲ. "ಹೋಯ್ತು ಸಾಬ್" ಎಂದರು.

ಒಳಗೆ ನಡೆದದ್ದನ್ನು ಜಯಮ್ಮ ಆಮೇಲೆ ಹೇಳಿದಳು. ಯಾರ ಜೊತೆ ಮಾತಾಡುತ್ತಿದ್ದೀರಿ, ಫೋನು ಇಟ್ಟಿದ್ದೀರಾ ಎಂದು ಅವರು ಕೇಳಿದರಂತೆ. "ಫೋನಲ್ಲ ಸಾರ್, ಎತ್ತು" ಎಂದಳಂತೆ ಇವಳು. ಅದಕ್ಕೇ ಅವರು ಕಿಟಕಿಯಾಚೆ ಎತ್ತು ಹುಡುಕಿದ್ದು.

ಗಾಡಿ ಇನ್ನೊಂದು ಸುತ್ತು ಹೊರಟಿತು. ಅರ್ಧ ದಾರಿಯಲ್ಲಿ ಇನ್ಸ್‌ಪೆಕ್ಟರು ಡ್ಯಾಶ್‌ಬೋರ್ಡಿಗೆ ಫಟ್ಟನೆ ಬಡಿದು "ನಿಲ್ಸಿ!" ಎಂದು ಗುಡುಗಿದರು. ಅದು ನಮಗೂ ಕೇಳಿಸಿತು. ಗಾಡಿ ಗೂಟ ಹೊಡೆದಂತೆ ನಿಂತಿತು. ಇನ್ಸ್‌ಪೆಕ್ಟರ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು.

ಅವರು ಇಳಿದು, ಕನ್ನಡಕ ಒರೆಸಿಕೊಂಡು, ನಿಧಾನವಾಗಿ ಬೇಲಿಯ ಹತ್ತಿರ ಬಂದು ಮೇಷ್ಟ್ರನ್ನು ನೋಡಿದರು. "ಏನ್ರೀ ಭಾಯ್, ನೀವು ಡ್ರೈವಿಂಗ್ ಕಲಿಸ್ತೀರೋ, ಬೇಸಾಯ ಕಲಿಸ್ತೀರೋ?" ಎಂದು ಕೇಳಿ, ಪಾಸು ಎಂದು ಸಹಿ ಹಾಕಿದರು.

ಜಯಮ್ಮ ಕೂಗಲಿಲ್ಲ, ಕುಣಿಯಲಿಲ್ಲ. ಗಾಡಿಯ ಬಾಗಿಲಲ್ಲೇ ಕೂತು, ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಸೆರಗಿನಿಂದ ಒರೆಸಿಕೊಂಡಳು. ಈ ಗೆಲುವನ್ನು ಘಾಟಿಯ ಕತೆಗಳ ಜೊತೆ ಸೇರಿಸಿ ಊರೆಲ್ಲ ಸಾರುತ್ತಾರೆಂದು ನಾನು ಎಣಿಸಿದ್ದ ಮೇಷ್ಟ್ರು ಗಾಡಿಯ ಹಿಂದಕ್ಕೆ ಹೋಗಿ, ಆಗಲೇ ಹೊಳೆಯುತ್ತಿದ್ದ ನಂಬರ್ ಪ್ಲೇಟನ್ನು ಬಹಳ ಹೊತ್ತು ಉಜ್ಜುತ್ತಾ ನಿಂತರು.

ಮೀಟಿಂಗಿಗೆ ಜಯಮ್ಮ ಲೈಸೆನ್ಸು ಹಿಡಿದೇ ಹೋದಳು. ಸಂಘದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರಂತೆ, ಅಧ್ಯಕ್ಷರು ಬೀಗದ ಕೈ ಕೊಡುವವರೆಗೂ ಒಬ್ಬರೂ ಕದಲಲಿಲ್ಲವಂತೆ. ಮೊದಲ ದಿನ ಗಾಡಿ ಬೀದಿಗೆ ಬಂದಾಗ ಮುದುಕಿಯರು ಕಸದ ಬುಟ್ಟಿಯ ಜೊತೆ ಆರತಿ ತಟ್ಟೆಯನ್ನೂ ತಂದರಂತೆ. ಆರತಿ ಎತ್ತಿ, ಆಮೇಲೆ ಕಸ ಹಾಕಿದರು. ಅಧ್ಯಕ್ಷರ ಭಾಮೈದನಿಗೂ ನಾವೇ ದಾರಿ ಮಾಡಿಕೊಟ್ಟೆವು. ನಮ್ಮ ಕೇಂದ್ರದಲ್ಲೇ ಸಂದರ್ಶನದ ಪಾಠ ಕಲಿತು ಒಂದು ಕಾರ್ಖಾನೆಯ ವ್ಯಾನಿಗೆ ಡ್ರೈವರಾದ. ಅವನು ಒಳ್ಳೆಯ ಹುಡುಗನೇ, ಭಾವನದ್ದೇ ತರಲೆ.

ಮೇಷ್ಟ್ರು ಅದಾದ ಮೇಲೂ ಎಷ್ಟೋ ತಂಡಗಳಿಗೆ ಕಲಿಸಿದರು. ಮತ್ತೆ ಎಂಟೂವರೆಗೆ ಬರತೊಡಗಿದರು, ನಾನು ಮತ್ತೆ ಗಡಿಯಾರ ತೋರಿಸತೊಡಗಿದೆ. ನಮ್ಮಿಬ್ಬರ ದಿನ ಹಾಗೆ ಶುರುವಾಗದಿದ್ದರೆ ಇಬ್ಬರಿಗೂ ಏನೋ ಕಳೆದುಕೊಂಡ ಹಾಗಿರುತ್ತಿತ್ತು. ಒಂದು ಮಳೆಗಾಲದಲ್ಲಿ ಕೆಮ್ಮು ಎಂದು ಮನೆಯಲ್ಲಿ ಉಳಿದರು. ವಾರ ಕಳೆಯಿತು. ನೋಡಲು ಹೋದಾಗ ಮಂಚದ ಮೇಲೆ ಕೂತೇ ಒಂದು ಘಾಟಿ ಇಳಿದರು. ಈ ಸಲ ಅದು ಆಂಧ್ರದಲ್ಲಿತ್ತು... ಮತ್ತೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಮನೆಯ ಜಗುಲಿಯಲ್ಲಿ ಹೆಂಗಸರು ತುಂಬಿದ್ದರು. ಅರ್ಧಕ್ಕರ್ಧ ನಮ್ಮ ಮೈದಾನದವರೇ, ನಾಲ್ಕು ತಾಲ್ಲೂಕಿನವರು. ಅವರ ಹೆಂಡತಿ ಎಲ್ಲರ ಮುಖವನ್ನೂ ಒಂದು ಸಲ ನೋಡಿ, ನನ್ನ ಕಡೆ ತಿರುಗಿ, "ಇಷ್ಟ್ ಜನಕ್ಕೆ ಗಾಡಿ ಕಲಿಸಿದಾರೆ ನೋಡಿ. ನಮ್ಗೆ ಒಂದು ಸೈಕಲ್ ಭೀ ಕಲಿಸಿಲ್ಲ" ಎಂದರು. ಅಳುತ್ತಿದ್ದವರೂ ನಕ್ಕರು. ಆಕೆ ತಾವೂ ನಕ್ಕು, ಸ್ವಲ್ಪ ಹೊತ್ತಿನ ಮೇಲೆ, "ನಾನ್ ಭೀ ಕೇಳಿಲ್ಲ" ಎಂದರು.

ಅಲ್ಲಿಂದ ಕೇಂದ್ರದ ಡ್ರೈವಿಂಗ್ ತರಗತಿ ನಿಂತುಹೋಯಿತು. ಇಬ್ಬರು ಹೊಸಬರನ್ನು ಕರೆಸಿ ನೋಡಿದೆವು. ಒಬ್ಬರು ನನ್ನ ವೇಳಾಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದರು, ಗಡಿಯಾರ ತೋರಿಸುವ ಸಂದರ್ಭವೇ ಬರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬರುವುದು ಬಿಟ್ಟರು. ನನಗೂ ಬೇವಿನ ಮರದಡಿ ನಿಲ್ಲಲು ಕಾರಣವಿರಲಿಲ್ಲ.

ಬಂಕಿನಲ್ಲಿ ಆ ವಾಸನೆ ಬಡಿದ ಮೇಲೆ, ಈ ಭಾನುವಾರ ತರಗತಿ ಮತ್ತೆ ಶುರುವಾಯಿತು. ಬಂದವರಲ್ಲಿ ಕೆ.ಆರ್. ಪೇಟೆಯ ಹೇಮಗಿರಿ ಕಡೆಯವರು ಕೆಲವರು, ನಾಗಮಂಗಲದವರು ಕೆಲವರು. ಕಲಿಸಲು ಒಪ್ಪಿದವಳು ಜಯಮ್ಮ. ಊರಿನ ಕಸದ ಸುತ್ತು ಮುಗಿಸಿ, ಸ್ನಾನ ಮಾಡಿ, ಹೊಸ ಸೀರೆ ಉಟ್ಟು ಬಂದಿದ್ದಳು. ಹೊತ್ತಿಗೆ ಸರಿಯಾಗಿ ಬಂದಿದ್ದಳು. ಹೇಮಗಿರಿಯ ಸೊಸೆಯೊಬ್ಬಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ನನ್ನ ಹತ್ತಿರ ಬಂದಳು.

"ಸಾರ್, ಮೊದಲ್ನೇ ಸಲ ಗಾಡಿಗ್ ಕೂರ್ಸ್‌ದಾಗ ಮೇಷ್ಟ್ರು ಒಂದ್ ಮಾತ್ ಯೋಳೋರು. ಎಲ್ರುಗೂ ಅದ್ನೇ ಯೋಳೋರು. ಅದ್ ಕೇಳುದ್ರೆ ಭಯ ಓಗ್ಬುಡೋದು. ಏನ್ ಸಾರ್ ಅದು?"

ನಾನು ಯೋಚಿಸಿದೆ. ಅವರು ಕಿಟಕಿಗೆ ಬಗ್ಗಿ ನಿಲ್ಲುತ್ತಿದ್ದ ರೀತಿ ಕಣ್ಣ ಮುಂದೆ ಬಂತು. ಒಳಗಿದ್ದವಳ ಭುಜ ಸಡಿಲವಾಗುತ್ತಿದ್ದದ್ದು ಬಂತು. ದನಿಯೂ ಬಂತು, ಸ್ವಲ್ಪ ಒಡಕು, ಬೈಗುಳದ್ದಲ್ಲದ ಬೇರೊಂದು ದನಿ. ಮಾತು ಮಾತ್ರ... ದಿನಾ ಕೇಳುತ್ತೇವಲ್ಲ ಎಂದು ಕಿವಿಗೊಟ್ಟಿರಲಿಲ್ಲ. ಅದು ಅವರ ಜೊತೆಗೇ ಹೋಗಿದೆ.

"ನೆನಪಿಲ್ಲ ಜಯಮ್ಮ" ಎಂದೆ.

"ನಂಗೂವೆ," ಎಂದಳು ಅವಳು. "ಬೈದಿದ್ದೆಲ್ಲ ನೆಪ್ಪದೆ. ಅದೊಂದ್ ನೆಪ್ಪಿಲ್ಲ."

ಗಾಡಿಯೊಳಗಿನಿಂದ ಹೇಮಗಿರಿಯ ಸೊಸೆ, "ಅಕ್ಕಾ, ಏನ್ ಮಾಡ್ಲಿ ಈಗ?" ಎಂದು ಅಳುದನಿಯಲ್ಲಿ ಕೇಳಿದಳು. ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅಪ್ಪಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

ಜಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಬುಡಿ ಸಾರ್. ನೆಪ್ಪಿರೋದ್ರಿಂದ್ಲೇ ಸುರು ಮಾಡ್ತೀನಿ" ಎಂದು ಹೇಳಿ, ಹೋಗಿ ಗಾಡಿಯ ಬಾಗಿಲಿಗೆ ಅಂಗೈಯಿಂದ ಒಂದು ಬಡಿದಳು.

"ಏನವ್ವಾ, ಕಣ್ ಮುಚ್ಕಂಡು ದ್ಯಾವ್ರುನ್ ನೆನೀತಿದ್ದೀಯ? ದ್ಯಾವ್ರೇನ್ ಬಂದು ಕ್ಲಚ್ ತುಳ್ದಾನಾ? ಬುಡು ಕಣ್ಣ!"

ಒಳಗಿನವಳು ಬೆಚ್ಚಿ ಕಣ್ಣು ಬಿಟ್ಟಳು. ಆಮೇಲೆ ನಕ್ಕಳು. ಸರದಿಯಲ್ಲಿ ನಿಂತವರೂ ನಕ್ಕರು. ಗಾಡಿ ಒಮ್ಮೆ ಕುಲುಕಿತು, ನಿಂತಿತು, ಮತ್ತೆ ಹೊರಟಿತು.